ಗ್ಲಿಸರಾಲ್ ಹಾಕಿದರೆ ಕೆ-ಕ್ಯಾಟ್ ಇಳಿಯುತ್ತದೆ: ಕಿಣ್ವದ ಚಲನೆಯೇ ಕ್ರಿಯೆಯನ್ನು ನೂಕುತ್ತದೆ ಎನ್ನಲು ಇಷ್ಟು ಸಾಕೇ?

ಮೆಟ್20 ಕೇಳಿದ್ದು:

ನಮಸ್ಕಾರ. ಇ. ಕೋಲೈನ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಬಗ್ಗೆ ಒಂದು ಗೊಂದಲ. ಚಿಕ್ಕದಾಗಿ ಡಿಎಚ್‌ಎಫ್‌ಆರ್ ಎನ್ನುತ್ತೇನೆ. 159 ಅಮೈನೋ ಆಮ್ಲಗಳ ಪುಟ್ಟ ಕಿಣ್ವ. ಎನ್‌ಎಡಿಪಿಎಚ್ ಎಂಬ ಸಹಕಿಣ್ವದಿಂದ ಒಂದು ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಕಿತ್ತು ಡೈಹೈಡ್ರೋಫೋಲೇಟ್‌ಗೆ ಕೊಡುವುದು ಇದರ ಕೆಲಸ.

ಇದರ 9ರಿಂದ 24ನೇ ಸ್ಥಾನದವರೆಗಿನ ತುಂಡಿಗೆ ಮೆಟ್20 ಲೂಪ್ ಎಂದು ಹೆಸರು. ಕ್ಲೋಸ್ಡ್ ಭಂಗಿಯಲ್ಲಿ ಅದು ಎನ್‌ಎಡಿಪಿಎಚ್‌ನ ಹೈಡ್ರೈಡ್ ಕೊಡುವ ಭಾಗವಾದ ನಿಕೋಟಿನಮೈಡ್ ಉಂಗುರದ ಮೇಲೆ ಮುಚ್ಚಳದಂತೆ ಕೂರುತ್ತದೆ. ಅಕ್ಲೂಡೆಡ್ ಭಂಗಿಯಲ್ಲಿ ಲೂಪೇ ಆ ಉಂಗುರದ ಜಾಗಕ್ಕೆ ನುಗ್ಗಿ ಅದನ್ನು ಹೊರಗೆ ತಳ್ಳುತ್ತದೆ. ಉತ್ಪನ್ನ ಕೂತಿರುವ ಸಂಕೀರ್ಣದಲ್ಲಿ ಎನ್‌ಎಂಆರ್ ರಿಲ್ಯಾಕ್ಸೇಷನ್ ಡಿಸ್ಪರ್ಷನ್ (ಇಂಥ ನಿಧಾನದ ಚಲನೆ ಅಳೆಯುವ ವಿಧಾನ) ಮಾಡಿದವರಿಗೆ ಸಿಕ್ಕ ಚಲನೆಯ ವೇಗ ಸೆಕೆಂಡಿಗೆ 12ರಿಂದ 18. ಪಿಎಚ್ 7ರಲ್ಲಿ ಕೆ-ಕ್ಯಾಟ್ (ಒಂದು ಕಿಣ್ವದ ಅಣು ಸೆಕೆಂಡಿಗೆ ಎಷ್ಟು ಸಲ ಪೂರ್ತಿ ಚಕ್ರ ಮುಗಿಸುತ್ತದೆ ಎಂಬ ಅಂಕಿ) ಕೂಡ ಸೆಕೆಂಡಿಗೆ ಸುಮಾರು 12. ಇದು ಮೊದಲನೇ ಸಾಕ್ಷ್ಯ.

ಎರಡನೆಯದು ಜಿ121ವಿ ಮ್ಯೂಟೆಂಟ್. 121ನೇ ಗ್ಲೈಸೀನ್ ಆಕ್ಟಿವ್ ಸೈಟ್‌ನಿಂದ (ಕ್ರಿಯೆ ನಡೆಯುವ ಜಾಗದಿಂದ) 10 ಆಂಗ್‌ಸ್ಟ್ರಾಂಗಿಂತ ದೂರದಲ್ಲಿದೆ. ಆದರೂ ಅಲ್ಲಿ ವ್ಯಾಲೀನ್ ಹಾಕಿದರೆ ಹೈಡ್ರೈಡ್ ವರ್ಗಾವಣೆ ಸುಮಾರು 200 ಪಟ್ಟು ನಿಧಾನವಾಗುತ್ತದೆ. ಮೂರನೆಯದು ಬಫರ್‌ಗೆ ಗ್ಲಿಸರಾಲ್ ಸೇರಿಸಿದಷ್ಟೂ ಕೆ-ಕ್ಯಾಟ್ ಇಳಿಯುವುದು. ದ್ರಾವಣ ಮಂದವಾದರೆ ಲೂಪ್ ಓಡಾಟವೂ ಮಂದವಾಗಬೇಕಲ್ಲ?

ಈ ಮೂರನ್ನೂ ಸೇರಿಸಿ "ಲೂಪ್‌ನ ಚಲನೆಯೇ ಹೈಡ್ರೈಡನ್ನು ಶಕ್ತಿಯ ತಡೆಯಾಚೆ ನೂಕುತ್ತದೆ" ಎಂದು ಬರೆದರೆ ತಪ್ಪೇ? ತಪ್ಪಾದರೆ ಎಲ್ಲಿ ತಪ್ಪು? ತೀರ್ಮಾನಿಸಲು ಯಾವ ಪ್ರಯೋಗ ಮಾಡಬೇಕು? ಸ್ಟಾಪ್ಡ್-ಫ್ಲೋ (ಎರಡು ದ್ರಾವಣಗಳನ್ನು ಮಿಲಿಸೆಕೆಂಡಿನಲ್ಲಿ ಬೆರೆಸಿ ಅಳೆಯುವ ಯಂತ್ರ), ಸ್ಪೆಕ್ಟ್ರೋಫೋಟೋಮೀಟರ್ ಎರಡೂ ಇವೆ.

---

ಹೈಡ್ರೈಡ್_ಹೆಜ್ಜೆ ಉತ್ತರ:

ತಪ್ಪು. ಮೂರು ಸಾಕ್ಷ್ಯಗಳೂ ನಿಜವೇ, ಆದರೆ ಅವು ಹೇಳುತ್ತಿರುವುದು ಒಂದೇ ಹೆಜ್ಜೆಯ ಬಗ್ಗೆ ಅಲ್ಲ. ಎಡವಟ್ಟಾಗಿರುವುದು ಅಲ್ಲೇ.

ಪಿಎಚ್ 7ರಲ್ಲಿ ಡಿಎಚ್‌ಎಫ್‌ಆರ್‌ನ ಕೆ-ಕ್ಯಾಟ್ ಹೈಡ್ರೈಡ್ ವರ್ಗಾವಣೆಯ ವೇಗವೇ ಅಲ್ಲ. ಆ ಪಿಎಚ್‌ನಲ್ಲಿ ಹೈಡ್ರೈಡ್ ಸೆಕೆಂಡಿಗೆ ಸುಮಾರು 220ರ ವೇಗದಲ್ಲಿ ದಾಟುತ್ತದೆ. 12 ಎಂಬುದು ಉತ್ಪನ್ನವಾದ ಟೆಟ್ರಾಹೈಡ್ರೋಫೋಲೇಟ್ ಕಿಣ್ವ ಬಿಟ್ಟು ಹೊರಡುವ ವೇಗ, ಅದೂ ಹೊಸ ಎನ್‌ಎಡಿಪಿಎಚ್ ಬಂದು ಕೂತ ಮೇಲೆ. 1987ರಲ್ಲಿ ಫಿಯರ್ಕ್, ಜಾನ್ಸನ್, ಬೆಂಕೋವಿಕ್ ಪೂರ್ತಿ ಚಕ್ರದ ವೇಗಗಳನ್ನು ಬಿಡಿಸಿಟ್ಟಾಗಿನಿಂದ ಇದು ಗೊತ್ತಿರುವ ವಿಷಯ. ಹೋಟೆಲಿನಲ್ಲಿ ದೋಸೆ ಒಂದು ನಿಮಿಷಕ್ಕೆ ಬೆಂದು, ಟೇಬಲ್ಲಿಗೆ ಬರಲು ಹದಿನೈದು ನಿಮಿಷ ಹಿಡಿದರೆ, ಗಿರಾಕಿಯ ಗಡಿಯಾರ ಅಳೆಯುವುದು ಸಪ್ಲೈಯರ್‌ನ ನಡಿಗೆಯನ್ನು, ಕಾವಲಿಯ ಬಿಸಿಯನ್ನಲ್ಲ.

ಹಾಗಾಗಿ ನಿಮ್ಮ ಮೊದಲನೇ ಸಾಕ್ಷ್ಯದಿಂದ ಸಿಗುವ ತೀರ್ಮಾನ ಇಷ್ಟು: ಲೂಪ್ ಅಲುಗುವ ವೇಗವೇ ಉತ್ಪನ್ನ ಹೊರಬೀಳುವ ವೇಗವನ್ನು ನಿರ್ಧರಿಸುತ್ತದೆ. ಇದು ಸಣ್ಣ ವಿಷಯವಲ್ಲ. 2006ರಲ್ಲಿ ಬೋರ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಚಕ್ರದ ಪ್ರತಿ ಹಂತದಲ್ಲೂ ಕಿಣ್ವ ಸ್ವಲ್ಪ ಹೊತ್ತು ಮುಂದಿನ ಹಂತದ ಭಂಗಿಗೆ ಹೋಗಿ ಬರುತ್ತಿರುತ್ತದೆ. ಮಾರ್ಗ ಮೊದಲೇ ಸವೆದಿರುತ್ತದೆ ಎನ್ನಿ. ಆದರೆ ಇದು ತಡೆಯ ಎತ್ತರ ಇಳಿಸುವ ಮಾತಲ್ಲ.

ಈಗ ಕಾಲಮಾನ ನೋಡಿ. ಬಂಧಗಳ ಕಂಪನಕ್ಕೆ ಹತ್ತಾರು ಫೆಮ್ಟೋಸೆಕೆಂಡು ಸಾಕು. ಪಾರ್ಶ್ವಸರಪಳಿ ತಿರುಗಲು ಪಿಕೋದಿಂದ ನ್ಯಾನೋಸೆಕೆಂಡು. ಲೂಪ್, ಡೊಮೇನ್‌ಗಳಿಗೆ ಮೈಕ್ರೋದಿಂದ ಮಿಲಿಸೆಕೆಂಡು. ಟ್ರಾನ್ಸಿಷನ್ ಸ್ಟೇಟ್ (ತಡೆಯ ತುದಿಯಲ್ಲಿನ ಸ್ಥಿತಿ) ಬದುಕುವುದು ಸುಮಾರು 10⁻¹³ ಸೆಕೆಂಡು. ಲೂಪ್ ಒಂದು ಸಲ ಮಗ್ಗಲು ಬದಲಿಸುವ ಒಂದು ಮಿಲಿಸೆಕೆಂಡಿನಲ್ಲಿ ಇಂಥ ಸಾವಿರ ಕೋಟಿ ಕ್ಷಣಗಳು ಹಿಡಿಸುತ್ತವೆ. ಇನ್ನು ಲೂಪ್ ಹೊತ್ತು ತಂದ ಚಲನಶಕ್ತಿ? ಸುತ್ತಲಿನ ನೀರಿಗೂ ಪ್ರೋಟೀನ್‌ಗೂ ಡಿಕ್ಕಿ ಹೊಡೆದು ಪಿಕೋಸೆಕೆಂಡುಗಳಲ್ಲೇ ಕರಗಿಹೋಗುತ್ತದೆ. ಇಷ್ಟು ನಿಧಾನದ ಚಲನೆ ಅಷ್ಟು ಗಡಿಬಿಡಿಯ ಕ್ಷಣಕ್ಕೆ "ನೂಕು" ಕೊಡಲಾರದು. ಅದು ಮಾಡಬಲ್ಲದ್ದು ಜಾಗ ಸಿದ್ಧಮಾಡುವುದು, ಕಾಯುವುದು, ಬಾಗಿಲು ತೆಗೆಯುವುದು.

ಶಕ್ತಿಯ ಲೆಕ್ಕವೂ ಇದಕ್ಕೇ ಹೊಂದುತ್ತದೆ. ವೇಗದಿಂದ ತಡೆಯ ಎತ್ತರ ಲೆಕ್ಕಹಾಕುವ ಐರಿಂಗ್ ಸಮೀಕರಣದಲ್ಲಿ 25 ಡಿಗ್ರಿಗೆ ಮುಂದಿನ ಗುಣಕ ಸೆಕೆಂಡಿಗೆ 6.2×10¹². ಸೆಕೆಂಡಿಗೆ 220 ಎಂದರೆ ತಡೆ 14.3 ಕಿಲೊಕ್ಯಾಲರಿ/ಮೋಲ್. ಹತ್ತು ಪಟ್ಟು ವೇಗದ ವ್ಯತ್ಯಾಸಕ್ಕೆ 1.36 ಕಿಲೊಕ್ಯಾಲರಿ. ನಿಮ್ಮ ಜಿ121ವಿಯ 200 ಪಟ್ಟು ಇಳಿಕೆಗೆ ಬೇಕಿರುವುದು ಬರೀ 3.1 ಕಿಲೊಕ್ಯಾಲರಿ. ಒಂದೆರಡು ಹೈಡ್ರೋಜನ್ ಬಂಧ ಸಡಿಲವಾದರೆ ಸಾಕು. ಆಗುವುದೂ ಅದೇ. ಕ್ಲೋಸ್ಡ್ ಭಂಗಿಯನ್ನು ಹಿಡಿದಿಡುವುದು ಲೂಪ್‌ನ 15 ಮತ್ತು 17ನೇ ಸ್ಥಾನಗಳಿಗೂ ಎಫ್‌ಜಿ ಎಂಬ ಇನ್ನೊಂದು ಲೂಪ್‌ನ 122ನೇ ಆಸ್ಪಾರ್ಟೇಟ್‌ಗೂ ನಡುವಿನ ಹೈಡ್ರೋಜನ್ ಬಂಧಗಳು. ಪಕ್ಕದ 121ರಲ್ಲಿ ದಪ್ಪನೆಯ ವ್ಯಾಲೀನ್ ತುರುಕಿದರೆ ಆ ಹಿಡಿತ ತಪ್ಪಿ ಕಿಣ್ವ ಅಕ್ಲೂಡೆಡ್ ಕಡೆಗೆ ವಾಲುತ್ತದೆ. ಅಲ್ಲಿ ನಿಕೋಟಿನಮೈಡ್ ಉಂಗುರ ತನ್ನ ಜಾಗದಲ್ಲೇ ಇರುವುದಿಲ್ಲ, ಹೈಡ್ರೈಡ್ ಕೊಡುವವರಾರು? ಇಲ್ಲಿ ಬದಲಾದದ್ದು ಚಲನೆಯ ಚುರುಕಲ್ಲ, ಯಾವ ಭಂಗಿ ಎಷ್ಟು ಪಾಲು ಇದೆ ಎಂಬುದು. ಈ ಎರಡನ್ನೂ ಕಲಸಿಬಿಡುವ ಲೇಖನಗಳು ಬೇಕಾದಷ್ಟಿವೆ.

ಹಾಗಾದರೆ ತಡೆಯನ್ನು ಇಳಿಸುವುದು ಯಾವುದು? ಬಹುಪಾಲು, ಮೊದಲೇ ಸರಿಯಾಗಿ ಜೋಡಿಸಿಟ್ಟ ವಿದ್ಯುದಾವೇಶಗಳು. ನೀರಿನಲ್ಲಾದರೆ ಟ್ರಾನ್ಸಿಷನ್ ಸ್ಟೇಟ್‌ಗೆ ಒಗ್ಗಲು ನೀರಿನ ಅಣುಗಳು ತಿರುಗಿ ನಿಲ್ಲಬೇಕು, ಅದಕ್ಕೆ ಶಕ್ತಿ ತೆರಬೇಕು. ಕಿಣ್ವ ಆ ಬೆಲೆಯನ್ನು ಮಡಚಿಕೊಳ್ಳುವಾಗಲೇ ತೆತ್ತಿರುತ್ತದೆ. ಕೀಟೋಸ್ಟೀರಾಯ್ಡ್ ಐಸೋಮರೇಸ್‌ನಲ್ಲಿ ಇದನ್ನು ನೇರವಾಗಿ ಅಳೆದಿದ್ದಾರೆ. ಕಾರ್ಬೊನಿಲ್ ಬಂಧದ ಕಂಪನ ಎಷ್ಟು ಸರಿಯಿತು ಎಂದು ಇನ್‌ಫ್ರಾರೆಡ್‌ನಲ್ಲಿ ನೋಡಿ ಒಳಗಿನ ಕ್ಷೇತ್ರ ಲೆಕ್ಕಹಾಕಿದಾಗ ಸೆಂಟಿಮೀಟರಿಗೆ 140 ಮೆಗಾವೋಲ್ಟ್‌ಗೂ ಮೇಲೆ ಬಂತು. ತಡೆಯ ಇಳಿಕೆಯಲ್ಲಿ ಸುಮಾರು ಶೇ 70 ಪಾಲು ಈ ಕ್ಷೇತ್ರದ್ದೇ. ಬಾಕ್ಸರ್ ಗುಂಪಿನ 2014ರ ಕೆಲಸ ಅದು.

---

ಸ್ನಿಗ್ಧತೆ ಉತ್ತರ:

ಸಿದ್ಧಾಂತ ಮೇಲಿನವರು ಹೇಳಿದರು. ಗ್ಲಿಸರಾಲ್ ವಿಷಯ ನಾನು ಹೇಳುತ್ತೇನೆ, ಏಕೆಂದರೆ ದಾರಿ ತಪ್ಪುವುದು ಹೆಚ್ಚಾಗಿ ಅಲ್ಲೇ.

ಗ್ಲಿಸರಾಲ್ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಸ್ನಿಗ್ಧತೆ (ದ್ರಾವಣದ ಮಂದತನ) ಏರಿಸುತ್ತದೆ, ಡೈಎಲೆಕ್ಟ್ರಿಕ್ ಸ್ಥಿರಾಂಕ (ಆವೇಶಗಳ ನಡುವಿನ ಸೆಳೆತವನ್ನು ದ್ರಾವಣ ಎಷ್ಟು ತಗ್ಗಿಸುತ್ತದೆ ಎಂಬ ಅಂಕಿ) ಇಳಿಸುತ್ತದೆ. ಡಿಎಚ್‌ಎಫ್‌ಆರ್‌ನ ಹೈಡ್ರೈಡ್ ಹೆಜ್ಜೆಯನ್ನೇ ಪ್ರತ್ಯೇಕವಾಗಿ, ಬೇರೆಬೇರೆ ಸಹದ್ರಾವಕಗಳಲ್ಲಿ ಅಳೆದಾಗ ವೇಗ ಹೊಂದಿಕೊಂಡದ್ದು ಡೈಎಲೆಕ್ಟ್ರಿಕ್ ಜೊತೆ, ಸ್ನಿಗ್ಧತೆಯ ಜೊತೆ ಅಲ್ಲ. ಆದ್ದರಿಂದ ಗ್ಲಿಸರಾಲ್ ಒಂದನ್ನೇ ನಂಬಬೇಡಿ.

ಮಾಡುವ ಕ್ರಮ ಹೀಗೆ. ಸುಕ್ರೋಸ್ ಮತ್ತು ಗ್ಲಿಸರಾಲ್ ಎರಡರಲ್ಲೂ ಬೇರೆಬೇರೆ ಸರಣಿ ಮಾಡಿ. ಸುಕ್ರೋಸ್ ತೂಕದಲ್ಲಿ ಶೇ 10, 20, 30 ಆದರೆ 20 ಡಿಗ್ರಿಯಲ್ಲಿ ಸಾಪೇಕ್ಷ ಸ್ನಿಗ್ಧತೆ ಸುಮಾರು 1.3, 1.9, 3.2. ಆದರೆ ಕೋಷ್ಟಕ ನೋಡಿ ಅಂಕಿ ಬರೆದುಕೊಳ್ಳಬೇಡಿ. ಪೂರ್ತಿ ಬಫರ್ ಕಲಸಿ, ಅಸೇ ಮಾಡುವ ತಾಪದಲ್ಲೇ ಆಸ್ಟ್ವಾಲ್ಡ್ ವಿಸ್ಕೋಮೀಟರ್‌ನಲ್ಲಿ ಅಳೆಯಿರಿ. ಗ್ಲಿಸರಾಲನ್ನು ಪಿಪೆಟ್‌ನಲ್ಲಿ ಎಳೆಯಲೇಬಾರದು, ತೂಗಿ ಹಾಕಿ. ತುದಿಯ ಒಳಗೋಡೆಗೆ ಅಂಟಿ ಉಳಿಯುವ ಪಾಲು ಪ್ರತಿ ಸಲವೂ ಬೇರೆಬೇರೆ.

ಆಮೇಲೆ ಗ್ರಾಫ್: ಅಡ್ಡಕ್ಕೆ ಸಾಪೇಕ್ಷ ಸ್ನಿಗ್ಧತೆ, ಉದ್ದಕ್ಕೆ ಬರೀ ಬಫರ್‌ನ ಕೆ-ಕ್ಯಾಟ್ ಭಾಗಿಸು ಸ್ನಿಗ್ಧ ಬಫರ್‌ನ ಕೆ-ಕ್ಯಾಟ್. ಓರೆ 1 ಬಂದರೆ ಬಿಡುಗಡೆಯ ಹೆಜ್ಜೆಯೇ ಪೂರ್ತಿ ಹಿಡಿತ, 0 ಬಂದರೆ ರಾಸಾಯನಿಕ ಹೆಜ್ಜೆ. ನಡುವೆ ಬಂದರೆ ಎರಡೂ ಪಾಲುದಾರರು. ಅಥವಾ ಪ್ರೋಟೀನ್‌ನ ಒಳ ಘರ್ಷಣೆಯೂ ಸೇರಿದೆ, ಅದಕ್ಕೆ ದ್ರಾವಣದ ಸ್ನಿಗ್ಧತೆ ತಟ್ಟುವುದಿಲ್ಲ.

ಕಂಟ್ರೋಲ್ ಎರಡು ಬೇಕೇ ಬೇಕು. ಒಂದು, ಫೈಕಾಲ್‌ನಂಥ ದೊಡ್ಡ ಪಾಲಿಮರ್. ವಿಸ್ಕೋಮೀಟರ್‌ನಲ್ಲಿ ದ್ರಾವಣ ಗಟ್ಟಿ ಕಾಣುತ್ತದೆ, ಆದರೆ ಸಣ್ಣ ಅಣುಗಳು ಅದರ ಸಂದಿಯಲ್ಲಿ ಸಲೀಸಾಗಿ ಓಡಾಡುತ್ತವೆ. ಓರೆ ಸೊನ್ನೆಯ ಹತ್ತಿರ ಬರಬೇಕು. ಎರಡನೆಯದು ನಿಮ್ಮ ಕೈಯಲ್ಲೇ ಇದೆ, ಜಿ121ವಿ. ಅದರಲ್ಲಿ ಹೈಡ್ರೈಡ್ ಹೆಜ್ಜೆ ಅಷ್ಟು ನಿಧಾನವಾದ್ದರಿಂದ ಸ್ನಿಗ್ಧತೆ ಏರಿಸಿದರೂ ಕೆ-ಕ್ಯಾಟ್ ಹೆಚ್ಚು ಕದಲಬಾರದು. ಅದರಲ್ಲೂ ದಡ್ಡನೆ ಇಳಿದರೆ, ನೀವು ನೋಡುತ್ತಿರುವುದು ಸ್ನಿಗ್ಧತೆಯನ್ನಲ್ಲ.

ಅಸೇ ಅಳತೆಗಳು: ಡೈಹೈಡ್ರೋಫೋಲೇಟ್ 100 ಮೈಕ್ರೋಮೋಲಾರ್, ಎನ್‌ಎಡಿಪಿಎಚ್ 100 ಮೈಕ್ರೋಮೋಲಾರ್, ಕಿಣ್ವ 10 ನ್ಯಾನೋಮೋಲಾರ್. 340 ನ್ಯಾನೋಮೀಟರ್‌ನಲ್ಲಿ ಎರಡೂ ಸೇರಿದ ಬದಲಾವಣೆಗೆ ಹೀರಿಕೆಯ ಗುಣಾಂಕ 11.8 (ಪ್ರತಿ ಮಿಲಿಮೋಲಾರ್‌ಗೆ, ಪ್ರತಿ ಸೆಂಟಿಮೀಟರಿಗೆ), ಎನ್‌ಎಡಿಪಿಎಚ್ ಒಂದರ 6.2 ಹಾಕಿಬಿಟ್ಟರೆ ವೇಗ ಹೆಚ್ಚುಕಡಿಮೆ ಇಮ್ಮಡಿ ಬರುತ್ತದೆ. ಸೆಕೆಂಡಿಗೆ 12 ಇದ್ದರೆ ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ ಬೆಳಕಿನ ಹೀರಿಕೆ ನಿಮಿಷಕ್ಕೆ 0.085 ಇಳಿಯಬೇಕು.

ಕಿಣ್ವವನ್ನು ಎನ್‌ಎಡಿಪಿಎಚ್ ಜೊತೆ ಎರಡು-ಮೂರು ನಿಮಿಷ ಇಟ್ಟು, ಡೈಹೈಡ್ರೋಫೋಲೇಟ್ ಕೊನೆಗೆ ಹಾಕಿ. ಬರೀ ಕಿಣ್ವ ಎರಡು ರೂಪಗಳಲ್ಲಿ ಇರುತ್ತದೆ, ಅದರಲ್ಲಿ ಒಂದೇ ಎನ್‌ಎಡಿಪಿಎಚ್ ಹಿಡಿಯುತ್ತದೆ. ಇನ್ನೊಂದು ಅದಕ್ಕೆ ಬದಲಾಗಲು ಹೊತ್ತು ಬೇಕು. ಕಾಯದಿದ್ದರೆ ಗೆರೆ ಮೊದಲು ಬಾಗಿ ಆಮೇಲೆ ನೆಟ್ಟಗಾಗುತ್ತದೆ. ಆ ಬಾಗನ್ನು "ಕ್ರಿಯೆಗೆ ಜೋಡಿಯಾದ ಚಲನೆ" ಎಂದು ತಿಳಿದರೆ ಮುಗಿಯಿತು ಕಥೆ.

ಸ್ಟಾಪ್ಡ್-ಫ್ಲೋಗೆ ಬಂದರೆ, ಎರಡೂ ಸಿರಿಂಜಿನಲ್ಲಿ ಗ್ಲಿಸರಾಲ್ ಪ್ರಮಾಣ ಒಂದೇ ಇರಲಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಬೆರೆಯುವಾಗ ವಕ್ರೀಭವನದ ಸುಳಿಗಳೆದ್ದು, ಮೊದಲ ಕೆಲವು ಮಿಲಿಸೆಕೆಂಡು ಸಿಗ್ನಲ್ ಕುಣಿಯುತ್ತದೆ. ನಿಮಗೆ ಬೇಕಾದ ಕ್ರಿಯೆ ನಡೆಯುವುದೂ ಅಷ್ಟೇ ಹೊತ್ತಿನಲ್ಲಿ. 220ರ ವೇಗಕ್ಕೆ ಅರ್ಧಾಯುಷ್ಯ 3.15 ಮಿಲಿಸೆಕೆಂಡು. ಯಂತ್ರದ ಡೆಡ್ ಟೈಮ್ (ಬೆರೆತ ಮೇಲೆ ಅಳತೆ ಶುರುವಾಗುವ ತನಕದ ಹೊತ್ತು) 1.5 ಮಿಲಿಸೆಕೆಂಡಾದರೆ ಶೇ 72 ಸಿಗ್ನಲ್ ಉಳಿಯುತ್ತದೆ, ಪರವಾಗಿಲ್ಲ.

---

ಮೆಟ್20 ಮರುಪ್ರಶ್ನೆ:

ಇಬ್ಬರಿಗೂ ಧನ್ಯವಾದ. ಜಿ121ವಿಯನ್ನೇ ಕಂಟ್ರೋಲ್ ಮಾಡಬಹುದು ಎಂಬುದು ಹೊಳೆದಿರಲಿಲ್ಲ. ಇನ್ನೆರಡು ಪ್ರಶ್ನೆ: ಸ್ಟಾಪ್ಡ್-ಫ್ಲೋ ಇಲ್ಲದೆ ಹೈಡ್ರೈಡ್ ಹೆಜ್ಜೆಯನ್ನೇ ಅಳೆಯುವ ದಾರಿ ಇದೆಯೇ? ಚಲನೆಗೆ ರಾಸಾಯನಿಕ ಹೆಜ್ಜೆಯಲ್ಲಿ ಪಾತ್ರ ಪೂರ್ತಿ ಸೊನ್ನೆಯೇ?

---

ಟನಲ್_ಮಾಸ್ತರ ಉತ್ತರ:

ಮೊದಲನೆಯದಕ್ಕೆ ಇದೆ, ಪಿಎಚ್ ಏರಿಸಿ. ಹೈಡ್ರೈಡ್ ಹೋಗಬೇಕಾದರೆ ಒಂದು ಪ್ರೋಟಾನ್ ಕೂಡ ಸೇರಬೇಕು, ಅದರ ಪಿಕೆಎ (ಅರ್ಧ ಪಾಲಿಗೆ ಪ್ರೋಟಾನ್ ಸೇರಿರುವ ಪಿಎಚ್) 6.5. ವೇಗ = 950 ÷ (1 + 10^(ಪಿಎಚ್ − 6.5)). ಪಿಎಚ್ 7ಕ್ಕೆ 228, ಪಿಎಚ್ 8ಕ್ಕೆ 29, ಪಿಎಚ್ 9ಕ್ಕೆ 3. ಉತ್ಪನ್ನದ ಬಿಡುಗಡೆ 12ರ ಸುತ್ತಲೇ ಇರುವುದರಿಂದ ಪಿಎಚ್ 9ರಲ್ಲಿ ಹೈಡ್ರೈಡ್ ಹೆಜ್ಜೆಯೇ ಎಲ್ಲಕ್ಕಿಂತ ನಿಧಾನ. ಸಾದಾ ಸ್ಪೆಕ್ಟ್ರೋಫೋಟೋಮೀಟರ್ ಸಾಕು.

ಅದು ನಿಜವಾಗಿ ಹೈಡ್ರೈಡ್ ಹೆಜ್ಜೆಯೇ ಎಂದು ಖಚಿತಪಡಿಸಿಕೊಳ್ಳಲು ಡ್ಯುಟೀರಿಯಂ ಹಾಕಿದ ಎನ್‌ಎಡಿಪಿಎಚ್ ಬಳಸಿ. ಡಿಎಚ್‌ಎಫ್‌ಆರ್ ತೆಗೆಯುವುದು 4ನೇ ಇಂಗಾಲದ ಪ್ರೊ-ಆರ್ ಹೈಡ್ರೋಜನ್, ಅಂದರೆ ಅಲ್ಲಿನ ಎರಡರಲ್ಲಿ ಒಂದು ಬದಿಯದು ಮಾತ್ರ. ಆ ಬದಿಗೇ ಡ್ಯುಟೀರಿಯಂ ಕೂರಬೇಕಾದರೆ ಎನ್‌ಎಡಿಪಿ ಪ್ಲಸ್ ಜೊತೆ ಡ್ಯುಟೀರಿಯಂ ತುಂಬಿದ ಐಸೊಪ್ರೊಪನಾಲ್, ಥರ್ಮೋಅನೆರೋಬಿಯಂ ಬ್ರೋಕಿಯ ಆಲ್ಕೊಹಾಲ್ ಡಿಹೈಡ್ರೋಜಿನೇಸ್. ತಪ್ಪು ಬದಿಯ ಕಿಣ್ವ ಬಳಸಿದರೆ ಡ್ಯುಟೀರಿಯಂ ಎನ್‌ಎಡಿಪಿ ಪ್ಲಸ್‌ನಲ್ಲೇ ಉಳಿದು, ಐಸೊಟೋಪ್ ಪರಿಣಾಮ (ಹೈಡ್ರೋಜನ್ ಇದ್ದಾಗಿನ ವೇಗ ಭಾಗಿಸು ಡ್ಯುಟೀರಿಯಂ ಇದ್ದಾಗಿನ ವೇಗ) 1ರ ಹತ್ತಿರ ತೋರಿಸಿ ಮೂರ್ಖರನ್ನಾಗಿಸುತ್ತದೆ. ಎಲ್ಲ ಸರಿಯಿದ್ದರೆ ಪಿಎಚ್ 7ರಲ್ಲಿ ಕೆ-ಕ್ಯಾಟ್ ಮೇಲಿನ ಪರಿಣಾಮ ಸುಮಾರು 1.1, ಪಿಎಚ್ 9ರಲ್ಲಿ 3ರ ಹತ್ತಿರ.

ಎರಡನೆಯದು: ಸೊನ್ನೆ ಎನ್ನುವುದೂ ಅತಿಯಾಯಿತು. ಆದರೆ ಯಾವ ಚಲನೆ ಎಂದು ಕೇಳಬೇಕು. ಹೈಡ್ರೋಜನ್ ಹಗುರ, ತಡೆಯನ್ನು ಹತ್ತದೆ ಸುರಂಗ ಕೊರೆದಂತೆ ದಾಟಬಲ್ಲದು. ಹಾಗೆ ದಾಟಲು ಕೊಡುವ ಮತ್ತು ಪಡೆಯುವ ಇಂಗಾಲಗಳು ತೀರ ಹತ್ತಿರ ಬರಬೇಕು. ಡ್ಯುಟೀರಿಯಂ ಭಾರ, ಅದಕ್ಕೆ ಇನ್ನೂ ಹತ್ತಿರ ಬೇಕು. ಆಕ್ಟಿವ್ ಸೈಟ್ ಬಿಗಿಯಾಗಿ ಹೊಂದಿಕೊಂಡಿದ್ದರೆ ಈ ಅಂತರ ಮೊದಲೇ ಸರಿಯಿರುತ್ತದೆ, ಐಸೊಟೋಪ್ ಪರಿಣಾಮ ತಾಪದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಸೋಯಾಬೀನ್ ಲೈಪಾಕ್ಸಿಜಿನೇಸ್‌ನಲ್ಲಿ ಪರಿಣಾಮ 80ರ ಆಸುಪಾಸು, ತಾಪಾವಲಂಬನೆ ಅಲ್ಪ. ಅದರ ಆಕ್ಟಿವ್ ಸೈಟ್‌ನ ದಪ್ಪ ಲ್ಯೂಸೀನ್‌ಗಳನ್ನು ಅಲನೀನ್ ಮಾಡಿ ಜಾಗ ಸಡಿಲಿಸಿದರೆ ಅಂತರ ಹಿಗ್ಗಿ, ಪರಿಣಾಮ ಹಲವು ನೂರಕ್ಕೆ ಜಿಗಿಯುತ್ತದೆ. ಈ ಹತ್ತಿರ-ದೂರ ಆಗುವ ಕಂಪನ ಫೆಮ್ಟೋ-ಪಿಕೋ ಲೋಕದ್ದು, ಮಿಲಿಸೆಕೆಂಡಿನ ಲೂಪ್ ಅಲ್ಲ.

ಇದಕ್ಕೇ ಇನ್ನೊಂದು ಪರೀಕ್ಷೆ ಇದೆ, ಇಡೀ ಕಿಣ್ವವನ್ನೇ ಭಾರ ಮಾಡುವುದು. ಡ್ಯುಟೀರಿಯಂ, ಕಾರ್ಬನ್-13, ನೈಟ್ರೋಜನ್-15 ಇರುವ ಮಾಧ್ಯಮದಲ್ಲಿ ಬೆಳೆಸಿದರೆ ತೂಕ ಸುಮಾರು ಶೇ 10 ಹೆಚ್ಚುತ್ತದೆ. ಆವೇಶಗಳು ಅವೇ, ಕಂಪನಗಳು ಮಾತ್ರ ನಿಧಾನ. ಪಿಎನ್‌ಪಿ ಎಂಬ ಕಿಣ್ವದಲ್ಲಿ 2011ರಲ್ಲಿ ಇದನ್ನು ಮಾಡಿದಾಗ ಸ್ಥಿರಗತಿಯ ಅಂಕಿಗಳು ಹಾಗೇ ಇದ್ದು, ರಾಸಾಯನಿಕ ಹೆಜ್ಜೆ ಮಾತ್ರ ಸ್ವಲ್ಪ ಕುಂಟಿತು. ಡಿಎಚ್‌ಎಫ್‌ಆರ್‌ನಲ್ಲಿ ಪರಿಣಾಮ ಇನ್ನೂ ಸಣ್ಣದು. ಅಂದರೆ ಚಲನೆಯ ಪಾಲು ಇದೆ, ಆದರೆ ಶೇಕಡಾ ಲೆಕ್ಕದಲ್ಲಿ. ಓಎಂಪಿ ಡಿಕಾರ್ಬಾಕ್ಸಿಲೇಸ್ ತನ್ನ ಕ್ರಿಯೆಯನ್ನು 10¹⁷ ಪಟ್ಟು ವೇಗ ಮಾಡುತ್ತದೆ. ಅಂಥ ಮೊತ್ತಕ್ಕೆ ಶೇಕಡಾ ಲೆಕ್ಕದಿಂದ ಏನೂ ಆಗದು.

2011ರ "ಡೈನಾಮಿಕ್ ನಾಕ್‌ಔಟ್" ಜಗಳವನ್ನೂ ಓದಿಕೊಳ್ಳಿ. ಎನ್23ಪಿಪಿ/ಎಸ್148ಎ ಎಂಬ ಮ್ಯೂಟೆಂಟ್‌ನಲ್ಲಿ ಲೂಪ್ ಅಕ್ಲೂಡೆಡ್‌ಗೆ ಹೋಗುವುದೇ ನಿಂತಿತು, ಹೈಡ್ರೈಡ್ ವೇಗವೂ ಹತ್ತು ಪಟ್ಟಿಗಿಂತ ಹೆಚ್ಚು ಬಿತ್ತು. ಚಲನೆ ನಿಂತಿದ್ದಕ್ಕೇ ಹೀಗಾಯಿತು ಎಂದರು. ಮರುವರ್ಷ ಬೇರೊಂದು ಗುಂಪು ಐಸೊಟೋಪ್ ಪರಿಣಾಮವನ್ನು ಬೇರೆಬೇರೆ ತಾಪದಲ್ಲಿ ಅಳೆಯಿತು: ಮೂಲ ಕಿಣ್ವದ್ದೇ ಗೆರೆ, ಒಂದಿಷ್ಟೂ ಓರೆ ಬದಲಾಗಿಲ್ಲ. ಅಂತರದ ಕಂಪನ ಹಾಗೇ ಇದೆ, ತಡೆ ಮಾತ್ರ ಏರಿದೆ. ನನ್ನ ಓಟು ಎರಡನೆಯವರಿಗೆ.

---

ಲೂಪ್6 ಉತ್ತರ:

ಚಲನೆ ಬಾಗಿಲು ಕಾಯುತ್ತದೆ ಎಂಬ ಮಾತಿಗೆ ಟ್ರಯೋಸ್ ಫಾಸ್ಫೇಟ್ ಐಸೋಮರೇಸ್ ನೋಡಿ. ಅದರ 6ನೇ ಲೂಪ್ ಸಬ್‌ಸ್ಟ್ರೇಟ್ ಮೇಲೆ ಮುಚ್ಚಿಕೊಳ್ಳುತ್ತದೆ. ಆ ಲೂಪ್‌ನಿಂದ ನಾಲ್ಕು ಅಮೈನೋ ಆಮ್ಲ ಕತ್ತರಿಸಿದ 1990ರ ಪ್ರಯೋಗದಲ್ಲಿ ವೇಗ ಸುಮಾರು ಲಕ್ಷ ಪಟ್ಟು ಇಳಿಯಿತು. ಜೊತೆಗೆ ನಡುವಿನ ಈನ್‌ಡಯೋಲೇಟ್ ಸೋರಿಹೋಗಿ, ಫಾಸ್ಫೇಟ್ ಕಳಚಿ ಮೀಥೈಲ್‌ಗ್ಲೈಆಕ್ಸಾಲ್ ಆಯಿತು. ಮುಚ್ಚಳ ನೂಕುವುದಿಲ್ಲ, ನೀರನ್ನು ಹೊರಗಿಟ್ಟು ಸರಕನ್ನು ಒಳಗೆ ಹಿಡಿಯುತ್ತದೆ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪೇರಂನ ಇದೇ ಕಿಣ್ವದ ಮೇಲೆ ಬಹಳ ಕೆಲಸ ಆಗಿದೆ. ಅದರಲ್ಲಿ 96ನೇ ಸ್ಥಾನದಲ್ಲಿ ಸೆರೀನ್ ಬದಲು ಫಿನೈಲ್‌ಅಲನೀನ್ ಇದೆ. ಲೈಗಾಂಡ್ ಕೂತಿದ್ದರೂ ಲೂಪ್ ತೆರೆದೇ ಇರುವ ಸ್ಫಟಿಕ ರಚನೆಗಳು ಅಲ್ಲಿ ಸಿಕ್ಕಿವೆ. ಲೈಗಾಂಡ್ ಬಂದ ಕೂಡಲೇ ಲೂಪ್ ಪಟ್ಟನೆ ಮುಚ್ಚುತ್ತದೆ ಎಂಬ ಪಠ್ಯಪುಸ್ತಕದ ಚಿತ್ರವನ್ನು ಎಲ್ಲ ಜೀವಿಗೂ ಅನ್ವಯಿಸಬೇಡಿ.

ಲೂಪ್ ಅಥವಾ ಮುಚ್ಚಳವೇ ವೇಗವನ್ನು ಹಿಡಿದಿಟ್ಟಿರುವ ಇನ್ನೊಂದು ಶುದ್ಧ ಉದಾಹರಣೆ ಅಡಿನೈಲೇಟ್ ಕೈನೇಸ್. 20 ಡಿಗ್ರಿಯಲ್ಲಿ ಇ. ಕೋಲೈ ಕಿಣ್ವದ ಮುಚ್ಚಳ ತೆರೆಯುವ ವೇಗ ಸೆಕೆಂಡಿಗೆ ಸುಮಾರು 286, ಕೆ-ಕ್ಯಾಟ್ 263. ಬಿಸಿನೀರ ಬುಗ್ಗೆಯ ಆಕ್ವಿಫೆಕ್ಸ್‌ನದು 44 ಮತ್ತು 30. ಇಲ್ಲಿ ಎರಡೂ ಅಂಕಿ ಜೋಡಿಯಾಗಿ ಇಳಿದಿವೆ, ಹಾಗಾಗಿ "ಚಲನೆ ವೇಗವನ್ನು ಮಿತಿಗೊಳಿಸುತ್ತದೆ" ಎನ್ನಬಹುದು. ಡಿಎಚ್‌ಎಫ್‌ಆರ್‌ಗೂ ನೀವು ಬರೆಯಬಹುದಾದ ವಾಕ್ಯ ಇದೇ, ಅದೂ ಪಿಎಚ್ 7ಕ್ಕೆ ಮಾತ್ರ.

---

ಸ್ನಿಗ್ಧತೆ ಸೇರಿಸಿದ್ದು:

ಟನಲ್_ಮಾಸ್ತರ ಅವರು ಹೇಳಿದ ಪಿಎಚ್ 9ರ ಪ್ರಯೋಗಕ್ಕೆ ಒಂದು ಎಚ್ಚರಿಕೆ. ಬಫರ್ ಎಂಟಿಇಎನ್ ಬಳಸಿ: ಎಂಇಎಸ್ 50, ಟ್ರಿಸ್ 25, ಎಥನಾಲಮೀನ್ 25, ಉಪ್ಪು 100 ಮಿಲಿಮೋಲಾರ್. ಪಿಎಚ್ ಬದಲಾದರೂ ಅಯಾನಿಕ ಬಲ ಹೆಚ್ಚುಕಡಿಮೆ ಸ್ಥಿರ. ಆದರೆ ಟ್ರಿಸ್‌ನ ಪಿಕೆಎ ಪ್ರತಿ ಡಿಗ್ರಿಗೆ 0.028 ಇಳಿಯುತ್ತದೆ. 25 ಡಿಗ್ರಿಯಲ್ಲಿ ಪಿಎಚ್ ಹೊಂದಿಸಿ 5ರಿಂದ 45 ಡಿಗ್ರಿವರೆಗೆ ಅಳೆದರೆ ಒಟ್ಟು ಒಂದು ಪಿಎಚ್‌ಗೂ ಹೆಚ್ಚು ಜಾರಿರುತ್ತದೆ. ಪಿಎಚ್ 9ರ ಸುತ್ತ ಒಂದು ಪಿಎಚ್ ಎಂದರೆ ಹೈಡ್ರೈಡ್ ವೇಗದಲ್ಲಿ ಹತ್ತು ಪಟ್ಟು. ಕಾಯಿಸಿದಾಗ ಪಿಎಚ್ ಇಳಿದು ವೇಗ ಏರುತ್ತದೆ, ತಾಪಕ್ಕೆ ವೇಗ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಆರೇನಿಯಸ್ ಗೆರೆ ಸುಳ್ಳೇ ಕಡಿದಾಗುತ್ತದೆ. ಪ್ರತಿ ತಾಪಕ್ಕೂ ಬಫರನ್ನು ಅದೇ ತಾಪದಲ್ಲಿ ಇಟ್ಟು ಪಿಎಚ್ ಹೊಂದಿಸಿ, ಮೀಟರನ್ನೂ ಅಲ್ಲೇ ಕ್ಯಾಲಿಬ್ರೇಟ್ ಮಾಡಿ.

ಡೈಹೈಡ್ರೋಫೋಲೇಟ್ ಗಾಳಿಗೆ ಬೇಗ ಕೆಡುತ್ತದೆ. ಆರ್ಗಾನ್ ಕೆಳಗೆ, ಬೀಟಾ-ಮರ್ಕ್ಯಾಪ್ಟೋಎಥನಾಲ್ ಹಾಕಿ, ಕತ್ತಲಲ್ಲಿಡಿ. ಬಳಸುವ ದಿನವೇ 282 ನ್ಯಾನೋಮೀಟರ್‌ನಲ್ಲಿ 28,400 (ಪ್ರತಿ ಮೋಲಾರ್‌ಗೆ, ಪ್ರತಿ ಸೆಂಟಿಮೀಟರಿಗೆ) ಗುಣಾಂಕದಿಂದ ಸಾಂದ್ರತೆ ನೋಡಿ, ಆಮೇಲೆ ಕಿಣ್ವ ಹಾಕಿ ಕ್ರಿಯೆ ಪೂರ್ತಿ ಮುಗಿಯಲು ಬಿಟ್ಟು ಎಷ್ಟು ಇಳಿಯಿತು ಎಂದು ಇನ್ನೊಮ್ಮೆ ತಾಳೆ ಹಾಕಿ. ಎರಡೂ ಹೊಂದದಿದ್ದರೆ ಆ ಬಾಟಲಿಯನ್ನು ಚೆಲ್ಲಿಬಿಡಿ.

ಕಿಣ್ವವೇ ಪಿಎಚ್ 9ರಲ್ಲಿ ಸಾಯುತ್ತಿಲ್ಲ ಎಂದು ನೋಡಲು ಅದನ್ನು ಅಸೇ ಅಷ್ಟೇ ಹೊತ್ತು ಆ ಬಫರ್‌ನಲ್ಲಿಟ್ಟು, ತಿರುಗಿ ಪಿಎಚ್ 7ಕ್ಕೆ ತಂದು ಅಳೆಯಿರಿ. ಸೆಕೆಂಡಿಗೆ 12 ಮರಳಿ ಸಿಗಬೇಕು.